ಹೆಬ್ಬೆರಳು ನೋಡಿದ ಕೋಲುಗಳು

ಶನಿವಾರ, ಹನ್ನೊಂದೂವರೆ ಗಂಟೆ. ಅವರೆಕಾಯಿಯ ಕಾಲ. ಶಿಡ್ಲಘಟ್ಟದ ನಮ್ಮ ಮನೆಯ ಹಜಾರದಲ್ಲಿ ಆಗ ಇದ್ದವರು ಅಪ್ಪ, ಅಜ್ಜಿ, ಚಿಕ್ಕಪ್ಪ ಮುನಿರಾಜು, ಚಿಕ್ಕಬಳ್ಳಾಪುರದಿಂದ ಬಂದಿದ್ದ ನಿವೃತ್ತ ರೇಂಜರ್ ಸಾಹೇಬರು ಮತ್ತು ನಾನು. ಅಮ್ಮ ಅಡುಗೆಮನೆಯಲ್ಲಿದ್ದಳು. ಅಡುಗೆಮನೆಯ ಬಾಗಿಲಿಗೆ ಕದವಿರಲಿಲ್ಲವಾದ್ದರಿಂದ ಅವಳನ್ನೂ ಇದ್ದವರ ಜೊತೆಗೇ ಸೇರಿಸಬೇಕು. ನನಗೆ ಹನ್ನೆರಡು ವರ್ಷ. ಬೆಳಗಿನ ಶಾಲೆ ಮುಗಿಸಿ ಬಂದು, ಕೈಕಾಲು ತೊಳೆದು, ಲಂಗ ಬದಲಿಸಿ, ಅಪ್ಪನ ಎಡಗಡೆ ಕೂತಿದ್ದೆ. ಕೋಲು ನೋಡುವ ದಿನ ಅದು ನನ್ನ ಜಾಗ. ಚಾಪೆಯ ಮೇಲೆ ಒಂದು ಉದ್ದನೆಯ ಬಟ್ಟೆಚೀಲ, ಅದರಿಂದ ಹೊರತೆಗೆದ ಎರಡು ತುಂಡಿನ ಗಾಳದ ಕೋಲು, ಪಕ್ಕದಲ್ಲಿ ಹಳೇ ಪಂಚೆಯ ಚೂರಿನ ಮೇಲೆ ಗಾಳದ ದಾರ ಸುತ್ತುವ ಒಂದು ರೀಲು.

ನಮ್ಮ ಕೆರೆಯ ದಂಡೆಯಲ್ಲಿ ಎರೆಹುಳ ಸಿಕ್ಕಿಸಿ ಕೂರುವವರ ಕೋಲಲ್ಲ ಅದು. ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು, ಪುಕ್ಕ ಮತ್ತು ನೂಲು ಸುತ್ತಿ ಹುಳದ ಹಾಗೆ ಮಾಡಿದ ಗಾಳವನ್ನು ಚಾವಟಿ ಬೀಸಿದಂತೆ ಬೀಸಿ, ನೀರಿನ ಮೇಲೆ ಮೆಲ್ಲಗೆ ಕೂರಿಸುವವರ ಕೋಲು. ಬಿದಿರನ್ನು ಆರು ತ್ರಿಕೋನದ ಪಟ್ಟಿಗಳಾಗಿ ಸೀಳಿ, ಹೆರೆದು, ಅಂಟು ಹಾಕಿ ಒಂದೇ ಮೈ ಮಾಡಿರುತ್ತಾರೆ. ಹಿಡಿಯ ಹತ್ತಿರ ಕಿರುಬೆರಳಿನಷ್ಟು ದಪ್ಪ, ತುದಿಗೆ ಹೋಗುವಾಗ ಹಂಚಿಕಡ್ಡಿಯಷ್ಟು ಸಣ್ಣ. ಮೈಯುದ್ದಕ್ಕೂ ಲೋಹದ ಬಳೆಗಳನ್ನು ರೇಷ್ಮೆ ನೂಲಿನಿಂದ ಸುತ್ತಿ ಕಟ್ಟಿರುತ್ತಾರೆ. ದಾರ ಅವುಗಳೊಳಗಿಂದ ಓಡಬೇಕು. ಇಂಥ ಕೋಲನ್ನು ಹೊಸದಾಗಿ ಕೊಳ್ಳುವವರು ಆಗಲೂ ಕಡಿಮೆ. ಬೆಂಗಳೂರಿನ ಒಬ್ಬ ವ್ಯಾಪಾರಿ ಹಳೆಯವನ್ನು ಎಲ್ಲೆಲ್ಲಿಂದಲೋ ತಂದು, ಮೆರುಗೆಣ್ಣೆ ಹೊಡೆದು ಮಾರುತ್ತಿದ್ದ. ನೋಡುವುದಕ್ಕೆ ಒಂದು ವಾರ ಕೊಡುತ್ತಿದ್ದ. ಆ ವಾರದಲ್ಲಿ ಸಾಹೇಬರು ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದರು.

ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಹಿತ್ತಲಿನ ಶೀಟಿನ ಕೊಟ್ಟಿಗೆಯಲ್ಲಿ ಚರಕಗಳು, ಅವುಗಳ ಮುಂದೆ ಗೂಡು ಬೇಯುವ ಬಿಸಿನೀರಿನ ಬಾನಿಗಳು. ಐದಕ್ಕೆ ಏಳುವುದು, ಐದೂಕಾಲಿಗೆ ಒಲೆ, ಆರಕ್ಕೆ ಬಾನಿಯಲ್ಲಿ ಗೂಡು. ಹಬ್ಬವಿರಲಿ ಜ್ವರವಿರಲಿ ಈ ಮೂರು ಹೊತ್ತು ಬದಲಾಗುತ್ತಿರಲಿಲ್ಲ. ಬೆಂದ ಹುಳುವಿನ ವಾಸನೆ ನಮ್ಮ ಬಟ್ಟೆಯಲ್ಲಿ, ಹಾಸಿಗೆಯಲ್ಲಿ, ನನ್ನ ಪುಸ್ತಕದ ಹಾಳೆಗಳಲ್ಲಿ ಇತ್ತು. ಶಾಲೆಯಲ್ಲಿ ಅರ್ಧ ತರಗತಿಗೆ ಅದೇ ವಾಸನೆ ಇದ್ದುದರಿಂದ ಯಾರೂ ಯಾರಿಗೂ ಏನೂ ಅನ್ನುತ್ತಿರಲಿಲ್ಲ. ಮನೆಗೆ ಒಂದು ಕಟ್ಟಳೆ ಇತ್ತು. ನೂಲಿನಲ್ಲಿ ದೋಷ ಕಂಡವರು ಅದು ಹೊಸ್ತಿಲು ದಾಟುವ ಮುಂಚೆ ಹೇಳಬೇಕು. ದಾಟಿದ ಮೇಲೆ ಹೇಳಿದರೆ ಅದು ಚಾಡಿ. ಅಜ್ಜಿ, ಅಮ್ಮ, ಚಿಕ್ಕಪ್ಪ, ನಾನು, ಎಲ್ಲರಿಗೂ ಒಂದೇ ಕಟ್ಟಳೆ. ಏಳನೆಯ ವಯಸ್ಸಿನಲ್ಲಿ ನೂಲಿನ ಒಂದು ಲಡಿಯಲ್ಲಿ ಗಂಟು ಕಂಡೂ ಸುಮ್ಮನಿದ್ದುದಕ್ಕೆ ಅಪ್ಪ ನನ್ನನ್ನು ಹೊಡೆಯಲಿಲ್ಲ, ಆ ಲಡಿಯನ್ನು ಪೂರ್ತಿ ಬಿಚ್ಚಿಸಿ ಮತ್ತೆ ಸುತ್ತಿಸಿದರು. ಸಂಜೆಯಾಯಿತು.

ಸಾಹೇಬರು ಮೊದಲು ಬಂದದ್ದು ಕೋಲಿನ ಬಳೆ ಕಟ್ಟಲು ನೂಲು ಕೇಳಿಕೊಂಡು. ಸಣ್ಣದಾಗಿರಬೇಕು, ಗಟ್ಟಿಯಾಗಿರಬೇಕು, ನೆನೆದರೆ ಉಬ್ಬಬಾರದು. ಯಾತಕ್ಕೆಂದು ತಿಳಿಯದೆ ಅಪ್ಪ ಯಾರಿಗೂ ನೂಲು ಕೊಡುತ್ತಿರಲಿಲ್ಲ. ಕೋಲು ತರಿಸಿ, ಒಂದು ಗಂಟೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ಜಾಗ ತೋರಿಸಿದರಂತೆ: ಇಲ್ಲಿ ಎರಡು ಪಟ್ಟಿಯ ಗಿಣ್ಣು ಅಕ್ಕಪಕ್ಕ ಬಂದಿದೆ, ಇಲ್ಲೇ ಮುರಿಯುತ್ತೆ. ಸಾಹೇಬರು ನಕ್ಕರು. ತಿಂಗಳೊಳಗೆ ಅದು ಅಲ್ಲೇ ಮುರಿಯಿತು. ಆಮೇಲೆ ಅವರು ಅಪ್ಪನಿಗೆ ತೋರಿಸದೆ ಕೋಲು ಕೊಂಡದ್ದಿಲ್ಲ. ಅವರಿಂದ ಕೇಳಿ ಚಿಂತಾಮಣಿಯ ಒಬ್ಬ ಡಾಕ್ಟರು, ಅಲೀಪುರದ ಒಬ್ಬ ಹರಳು ವ್ಯಾಪಾರಿ ಕೂಡ ಬರತೊಡಗಿದರು. ಅಪ್ಪ ಮಾತ್ರ ಹೊಳೆಯಲ್ಲಿ ನಿಂತವರಲ್ಲ, ಒಂದು ಮೀನನ್ನೂ ಹಿಡಿದವರಲ್ಲ. ಬಿದಿರು ಅವರಿಗೆ ಹುಳು ಗೂಡು ಕಟ್ಟುವ ಚಂದ್ರಿಕೆ ತಟ್ಟಿಗಳನ್ನು ಆರಿಸಿ ಗೊತ್ತಿತ್ತು, ನೂಲು ಕೈಯಿಂದ ಗೊತ್ತಿತ್ತು. ಉಳಿದದ್ದನ್ನು ಕೋಲುಗಳೇ ಕಲಿಸಿದವು.

ಆ ಶನಿವಾರಕ್ಕೆ ಎರಡು ವರ್ಷ ಮುಂಚೆ ಅಪ್ಪ ಬಾನಿ ಬಿಟ್ಟಿದ್ದರು. ಇಪ್ಪತ್ತೈದು ವರ್ಷ ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕಿದ ಬೆರಳುಗಳು ಬೆಳ್ಳಗೆ ಸೀಳುಬಿಟ್ಟು ರಕ್ತ ಬರುತ್ತಿತ್ತು. ಚರಕಗಳನ್ನು ಚಿಕ್ಕಪ್ಪ ನೋಡಿಕೊಳ್ಳತೊಡಗಿದರು. ಗೂಡು ಕೊಳ್ಳುವುದು, ನೂಲು ಮಾರುವುದು, ಆಳುಗಳಿಗೆ ಹೇಳುವುದು, ಒಂದೊಂದೇ ಅವರ ಕೈಗೆ ಹೋಯಿತು. ಅಪ್ಪ ಎದ್ದು ಬಂದರೆ ಜನ ದಾರಿ ಬಿಡುತ್ತಿದ್ದರು, ಆದರೆ ಕೆಲಸದ ಮಾತನ್ನು ಚಿಕ್ಕಪ್ಪನ ಹತ್ತಿರ ಆಡುತ್ತಿದ್ದರು. ಕೋಲು ಬಂದ ದಿನ ಮಾತ್ರ ಮನೆ ಅಪ್ಪನ ಸುತ್ತ ಕೂರುತ್ತಿತ್ತು.

"ಅಣ್ಣಂಗೆ ಗೂಡು ನೋಡಕ್ಕೆ ಬಾ ಅಂದ್ರೆ ಬೆಟ್ಟು ನೋವು. ಕೋಲು ಅಂದ್ರೆ ವಾಸಿಯಾಗ್ಬಿಡುತ್ತೆ" ಎಂದರು ಚಿಕ್ಕಪ್ಪ, ಗೋಡೆಗೆ ಒರಗಿಕೊಂಡು.

ಅಜ್ಜಿಗೆ ಬೇರೆ ಚಿಂತೆ. "ಈ ಮನೇಗೆ ಎಷ್ಟು ಕೋಲು ಬಂದೋಯ್ತು ರೇಂಜರಪ್ಪ, ಒಂದು ಮೀನು ಬರ್ಲಿಲ್ವಲ್ಲ."

"ನಾನು ಮೀನು ತರಲ್ಲ ಅಜ್ಜಿ. ಹಿಡಿದು ವಾಪಸ್ ನೀರಿಗೇ ಬಿಟ್ಬಿಡ್ತೀನಿ."

"ಅಯ್ಯೋ ದೇವುಡಾ. ಬಿಡೋದಕ್ಕೆ ಯಾಕಪ್ಪ ಹಿಡೀಬೇಕು? ಅದರ ಪಾಡಿಗೆ ಅದಿರುತ್ತಲ್ಲ."

ಸಾಹೇಬರು ನಕ್ಕರು. ಅಪ್ಪ ನಗಲಿಲ್ಲ. ಕೋಲು ಕೈಗೆ ತೆಗೆದುಕೊಂಡ ಮೇಲೆ ಅವರಿಗೆ ಬೇರೆ ಮಾತು ಕೇಳುತ್ತಿರಲಿಲ್ಲ. ಮೊದಲು ಎರಡು ತುಂಡನ್ನೂ ಒಂದೊಂದಾಗಿ ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮೆಲ್ಲಗೆ ಉರುಳಿಸಿದರು. ಬಹಳ ದಿನ ದುಡಿದ ಕೋಲು ಒಂದು ಕಡೆಗೆ ಬಾಗಿ ನಿಂತಿರುತ್ತದೆ, ಇದು ನೆಟ್ಟಗಿತ್ತು. ಗಿಣ್ಣುಗಳು ಒಂದರ ಪಕ್ಕ ಒಂದು ಬಾರದೆ ಮೆಟ್ಟಿಲ ಹಾಗೆ ಹತ್ತಿದ್ದವು. ಹಿತ್ತಾಳೆಯ ಜೋಡಣೆಯನ್ನು ಸೇರಿಸಿ ಎಳೆದರು, ಸೀಸೆಯ ಬಿರಡೆ ಬಿಚ್ಚಿದಂತೆ ಟಪ್ ಎಂದಿತು. ಸದ್ದಿಲ್ಲದೆ ಬಿಟ್ಟುಕೊಂಡರೆ ಜೋಡಣೆ ಸವೆದಿದೆ ಎಂದರ್ಥ. ಮತ್ತೆ ಸೇರಿಸಿ, ತುದಿಯನ್ನು ನೂಲಿನಿಂದ ತೊಲೆಯ ಕೊಕ್ಕೆಗೆ ಕಟ್ಟಿಸಿ, ಹಿಡಿಯನ್ನು ಹಿಂದಕ್ಕೆ ಎಳೆದರು. ಎಲ್ಲೂ ಮೊಣಕೈಯ ಹಾಗೆ ಮುರಿಯದೆ ಒಂದೇ ಬಾಗು. ನಾನು ಉಸಿರು ಬಿಟ್ಟೆ. ಕೋಲು ಚೆಂದವಿದ್ದರೆ ನನಗೆ ಸಂತೋಷವಾಗುತ್ತಿತ್ತು. ಯಾಕೆಂದರೆ ಅಪ್ಪನಿಗೆ ಆಗುತ್ತಿತ್ತು.

ಕೊನೆಗೆ ಹೆಬ್ಬೆರಳು. ಬುಡದಿಂದ ತುದಿಯವರೆಗೆ ಆರು ಅಂಟಿನ ಗೀಟುಗಳ ಮೇಲೂ ಅದು ಹಾದು ಹೋಗಬೇಕು. "ಕಣ್ಣು ಮೆರುಗೆಣ್ಣೆಗೆ ಮೋಸ ಹೋಗುತ್ತೆ, ಹೆಬ್ಬೆಟ್ಟು ಹೋಗಲ್ಲ" ಎನ್ನುವುದು ಅಪ್ಪ ನನಗೆ ಕಲಿಸಿದ ಮೊದಲ ಪಾಠ. ಕತ್ತಲಲ್ಲೂ ಎರಡು ನೂಲಿನ ನಡುವಿನ ವ್ಯತ್ಯಾಸ ಹೇಳಿದ ಬೆರಳು ಅದು. ತುದಿಯ ತುಂಡಿನ ನಾಲ್ಕನೆಯ ಬಳೆಯ ಹತ್ತಿರ ಅಪ್ಪನ ಕಣ್ಣು ನಿಂತಿತು.

"ಇಲ್ಲಿ ಎರಡು ಸುತ್ತು ಜಾಸ್ತಿ ಸುತ್ತಿದಾನೆ" ಎಂದರು.

ನಿಜ. ಬೇರೆ ಬಳೆಗಳ ಕಟ್ಟಿಗಿಂತ ಆ ಕಟ್ಟು ಒಂದು ಕೂದಲಷ್ಟು ಅಗಲವಿತ್ತು. ಅಪ್ಪ ಅದರ ಮೇಲೆ ಹೆಬ್ಬೆರಳನ್ನು ಮೂರು ಸಲ ಆಡಿಸಿದರು. "ಏನಿಲ್ಲ. ಕಟ್ಟಿದೋನ ಕೈ ತಡೀಲಿಲ್ಲ, ಅಷ್ಟೆ" ಎಂದು ಕೋಲನ್ನು ನನಗೆ ಕೊಟ್ಟರು.

ನನ್ನ ಕೆಲಸ ಬಳೆ ನೋಡುವುದು. ಒಂಟಿ ಎಳೆಯ ಹಸಿ ರೇಷ್ಮೆಯನ್ನು ಪ್ರತಿ ಬಳೆಯೊಳಗೂ ತೂರಿಸಿ, ಸುತ್ತ ಒತ್ತಿ ಎಳೆಯಬೇಕು. ದಾರ ಓಡಿ ಓಡಿ ಲೋಹದಲ್ಲಿ ಗೀರು ಬಿದ್ದಿದ್ದರೆ ಎಳೆ ಅಲ್ಲಿ ತಡೆದು ಜುಂಜಾಗುತ್ತದೆ. ಇದು ರೇಷ್ಮೆಯ ಮನೆಯಲ್ಲಿ ಅಪ್ಪನೇ ಕಂಡುಕೊಂಡ ಪರೀಕ್ಷೆ. ಒಂದು, ಎರಡು, ಮೂರು ಬಳೆ ನುಣುಪಾಗಿದ್ದವು. ನಾಲ್ಕನೆಯದೂ ನುಣುಪು. ಆದರೆ ಎಳೆಯನ್ನು ಹೊರಗೆಳೆಯುವಾಗ ಅದರ ತುದಿ ಕಟ್ಟಿನ ಅಂಚಿನಲ್ಲಿ, ಬಿದಿರಿನ ಮೇಲೆಯೇ ಎಲ್ಲೋ ಸಿಕ್ಕಿಕೊಂಡಿತು. ಎಳೆದೆ, ಬರಲಿಲ್ಲ. ಉಗುರು ಇಟ್ಟು ನೋಡಿದೆ. ಅಂಟಿನ ಗೀಟು ಬಾಯಿ ಬಿಟ್ಟಿತ್ತು. ಬಿರುಕನ್ನು ಮುಚ್ಚಲು ಮೇಲೆ ಎರಡು ಸುತ್ತು ಹೆಚ್ಚು ಕಟ್ಟಿ ಮೆರುಗೆಣ್ಣೆ ಬಳಿದಿದ್ದರು. ಬಿರುಕು ಕಟ್ಟನ್ನೂ ದಾಟಿ ಒಂದು ರಾಗಿಕಾಳಿನಷ್ಟು ಆಚೆ ಬಂದಿತ್ತು. ಅದರೊಳಗೆ ನನ್ನ ಎಳೆ ಹೋಗಿ ಕೂತಿತ್ತು. ಬೆರಳಿಗೆ ಅಲ್ಲೊಂದು ಮೆಟ್ಟಿಲು ಸ್ಪಷ್ಟವಾಗಿ ಹತ್ತುತ್ತಿತ್ತು. ಅಪ್ಪನ ಹೆಬ್ಬೆರಳು ಅದರ ಮೇಲೆ ಮೂರು ಸಲ ಹೋಗಿ ಬಂದಿತ್ತು.

"ಬಳೆ?" ಎಂದರು ಅಪ್ಪ.

"ಬಳೆ ಸರಿಯಾಗಿದೆ" ಎಂದೆ.

ಕೇಳಿದ್ದಕ್ಕೆ ಸರಿಯಾದ ಉತ್ತರ. ಸುಳ್ಳಲ್ಲ. ಮುಂದೆ ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳುತ್ತಾ ಮಕ್ಕಳಿಂದ ಇಂಥ ಉತ್ತರಗಳನ್ನು ಕೇಳಿದ್ದೇನೆ, ಪ್ರತಿ ಸಲವೂ ಅದರ ಬೆಲೆ ನನಗೆ ಗೊತ್ತಿತ್ತು. ಅಪ್ಪ ಸಾಹೇಬರ ಕಡೆ ತಿರುಗಿ, "ಕೋಲು ನಿಯತ್ತಾಗಿದೆ ಸಾರ್. ತಗೊಳ್ಳಿ" ಎಂದರು. ಚಿಕ್ಕಪ್ಪ ಎದ್ದು ನಿಂತರು. ಸಾಹೇಬರ ಮುಖ ಹಗುರವಾಯಿತು. ಮುಂದಿನ ವಾರವೇ ಕಾವೇರಿಗೆ ಹೋಗುವುದಿದೆ ಎಂದರು. ಊಟವಾದ ಮೇಲೆ ರೀಲು ನೋಡುವುದೆಂದಾಯಿತು. ನಾನು ಎಳೆಯನ್ನು ಹಲ್ಲಿನಿಂದ ಕಡಿದು, ಕೋಲನ್ನು ಚಾಪೆಯ ಮೇಲಿಟ್ಟು, ಅಡುಗೆಮನೆಗೆ ಹೋದೆ.

ಅಮ್ಮ ಮುದ್ದೆ ಕಟ್ಟುತ್ತಿದ್ದಳು. ಹಿತಕಿದ ಅವರೆಬೇಳೆಯ ಸಾರು ಒಲೆಯ ಪಕ್ಕ ಇಳಿಸಿತ್ತು. ನಾನು ತಟ್ಟೆ ಎಣಿಸಿ ಇಡುತ್ತಾ, ಅವಳ ಮುಖ ನೋಡದೆ ಹೇಳಿದೆ.

"ಅಮ್ಮ, ಕೋಲು ಬಿಟ್ಟಿದೆ. ಅಪ್ಪಂಗೆ ಗೊತ್ತಾಗ್ಲಿಲ್ಲ."

ಅವಳ ಕೈ ನಿಲ್ಲಲಿಲ್ಲ. ಮುದ್ದೆ ಮುಗಿಸಿ, ತಟ್ಟೆಯಲ್ಲಿಟ್ಟು, ಕೈ ನೀರಿಗದ್ದಿ, ಆಮೇಲೆ ಹೇಳಿದಳು. "ಗೌರಿ ಹಬ್ಬದಲ್ಲಿ ನಿಮ್ಮಪ್ಪ ಒಬ್ಬಟ್ಟಿನ ಹೆಂಚನ್ನ ಬರೀ ಕೈಯಲ್ಲಿ ಇಳಿಸಿದ್ರು. ಬೊಬ್ಬೆ ಎದ್ದಿದ್ದನ್ನ ಮಾರನೇ ದಿನ ನಾನು ತೋರಿಸ್ಬೇಕಾಯ್ತು."

"ನೀನ್ಯಾಕೆ ಹೇಳ್ಲಿಲ್ಲ?"

"ಕೋಲು ನೋಡೋದೊಂದೇ ಉಳ್ಕೊಂಡಿತ್ತಲ್ಲ ಕಣೇ ಅವ್ರಿಗೆ."

ಹಜಾರದಿಂದ ಸಾಹೇಬರ ನಗು ಕೇಳಿಸಿತು. ಅಮ್ಮ ಇನ್ನೊಂದು ಮುದ್ದೆಗೆ ಹಿಟ್ಟು ತೆಗೆದಳು. "ಹೊಸ್ತಿಲು ಇನ್ನೂ ದಾಟಿಲ್ಲ ವೇಣಮ್ಮ. ನಾನು ಹೇಳಿದ್ರೆ ಹೆಂಡ್ತಿ ಎತ್ತಾಡ್ದಂಗಾಗುತ್ತೆ. ನಿಮ್ಮ ಚಿಕ್ಕಪ್ಪ ಹೇಳಿದ್ರೆ ಊರೆಲ್ಲ ಗೊತ್ತಾಗುತ್ತೆ. ಮುಟ್ಟಿ ನೋಡಿದೋಳು ನೀನು."

ಅಪ್ಪ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರು. ನಾನು ಚಾಪೆಯ ಮೇಲಿದ್ದ ಕೋಲಿನಿಂದ ತುದಿಯ ತುಂಡನ್ನು ಬಿಚ್ಚಿಕೊಂಡು, ಲಂಗದ ಮಡಿಕೆಯಲ್ಲಿ ಒತ್ತಿ ಹಿಡಿದು ಹೋದೆ. ಹೇಗೆ ಹೇಳಬೇಕೆಂದು ದಾರಿಯಲ್ಲಿ ಮೂರು ವಾಕ್ಯ ಕಟ್ಟಿಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ.

"ಅಪ್ಪ, ಇಲ್ಲಿ ಇನ್ನೊಂದ್ಸಲ ನೋಡಪ್ಪ."

ಅವರು ಕೈ ಒರೆಸಿಕೊಂಡು ನೋಡಿದರು. ಹೆಬ್ಬೆರಳು ಹೋಯಿತು, ಬಂತು. "ಏನಿಲ್ಲ."

"ಇದೆ."

"ಆಗ್ಲೇ ನೋಡಿದೀನಲ್ಲಮ್ಮ. ಏನಿಲ್ಲ ಅಲ್ಲಿ." ದನಿ ಗಡುಸಾಯಿತು. ನನಗೆ ಹೆದರಿಕೆಯಾದದ್ದು ಬೈಗುಳಕ್ಕಲ್ಲ. ಅವರು ಕೋಲನ್ನು ನನ್ನ ಕೈಗೆ ವಾಪಸು ಕೊಟ್ಟುಬಿಟ್ಟರೆ ನನ್ನಿಂದ ಇನ್ನೊಂದು ಸಲ ಹೇಳಲಾಗುವುದಿಲ್ಲ ಎಂದು.

"ತುಟಿಗೆ ಇಟ್ಕೊಂಡು ನೋಡಪ್ಪ" ಎಂದೆ.

ಯಾಕೆ ಹಾಗೆಂದೆನೋ ಇಂದಿಗೂ ಹೇಳಲಾರೆ. ನೂಲಿನ ತುದಿಯನ್ನು ತುಟಿಯಲ್ಲಿ ಹಿಡಿಯುವ ಅಭ್ಯಾಸ ನಮಗೆಲ್ಲ ಇತ್ತು, ಅದರಿಂದಿರಬಹುದು. ಅಪ್ಪ ನನ್ನನ್ನು ನೋಡಿದರು. ಆಮೇಲೆ ಆ ಬಿದಿರನ್ನು ಕೆಳತುಟಿಗೆ ಒತ್ತಿ, ನಿಧಾನವಾಗಿ ಎಳೆದರು. ಕಟ್ಟಿನ ಹತ್ತಿರ ಕೋಲು ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಬಂತು, ಅದೇ ಜಾಗದಲ್ಲಿ ನಿಂತಿತು. ಅವರು ಕೋಲನ್ನು ಇಳಿಸಿ, ಬಲಗೈಯನ್ನು ಮುಂದೆ ಹಿಡಿದು, ಹೆಬ್ಬೆರಳನ್ನು ಬೇರೆಯವರದ್ದೆಂಬಂತೆ ನೋಡಿದರು. ಅಡುಗೆಮನೆಯ ಹಿಂಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಯಾವಾಗಿಂದ?" ಎಂದು ಕೇಳಿದರು. ಕೇಳಿದ್ದು ಅಮ್ಮನನ್ನು.

"ಗೌರಿ ಹಬ್ಬದಿಂದ ನಂಗೆ ಗೊತ್ತು. ಅದಕ್ಕೆ ಮುಂಚೆ ಗೊತ್ತಿಲ್ಲ."

ಅವರು ಬಚ್ಚಲ ಕಟ್ಟೆಯ ಮೇಲೆ ಕೂತರು. ಕೊಟ್ಟಿಗೆಯಲ್ಲಿ ಚರಕಗಳು ಓಡುತ್ತಿದ್ದವು. ಊಟ ಆರುತ್ತಿದೆ ಎಂದು ಅಜ್ಜಿ ಕೂಗಿದಳು. ಅಪ್ಪ ಎದ್ದು, ಆ ತುಂಡನ್ನು ತೆಗೆದುಕೊಂಡು, ಹಜಾರಕ್ಕೆ ಹೋಗಿ, ತಟ್ಟೆಯ ಮುಂದೆ ಕೂತಿದ್ದ ಸಾಹೇಬರ ಎದುರು ನಿಂತರು. ನಾನು ಬಾಗಿಲಲ್ಲೇ ನಿಂತೆ.

"ಊಟಕ್ಕೆ ಮುಂಚೆ ಒಂದು ಮಾತು ಸಾರ್. ಕೋಲು ಬಿಟ್ಟಿದೆ. ಆಗ ನಾನು ಆಡಿದ ಮಾತು ವಾಪಸ್ ತಗೊಳ್ತೀನಿ."

"ಈಗ ತಾನೇ ಸರಿಯಾಗಿದೆ ಅಂದ್ರಲ್ಲ ನಾರಾಯಣಪ್ಪ?"

"ಹೆಬ್ಬೆಟ್ಟು ಸತ್ತೋಗಿದೆ ಸಾರ್. ನಂಗೆ ತಿಳೀಲಿಲ್ಲ. ಮಗಳು ನೋಡಿ ಹೇಳಿದ್ಲು."

ಚಿಕ್ಕಪ್ಪ ತಮ್ಮ ಕೈಗಳನ್ನು ನೋಡಿಕೊಂಡದ್ದನ್ನು ನಾನು ಕಂಡೆ. ಅಂದು ಬೆಳಿಗ್ಗೆ ಕೂಡ ಅವು ಬಾನಿಯ ನೀರಿನಲ್ಲಿದ್ದವು.

ಸಾಹೇಬರು ಸಮಾಧಾನದ ಮಾತಾಡಲಿಲ್ಲ. ಕೋಲನ್ನು ತಿರುಗಿಸಿ ಬಿರುಕನ್ನು ಹುಡುಕಿ, ಉಗುರಿನಿಂದ ಮುಟ್ಟಿ, ಕೆಳಗಿಟ್ಟು, "ದೀಪಾವಳಿಗೆ ಮುಂಚೆ ಒಂದು ಕೋಲು ನೋಡ್ಕೊಟ್ರಲ್ಲ, ಅದು?" ಎಂದರು.

"ಅದನ್ನೂ ತನ್ನಿ. ಅಲ್ಲೀತನಕ ಹೊಳೆಗೆ ತಗೊಂಡೋಗ್ಬೇಡಿ."

"ತಂದ್ರೆ ಯಾರು ನೋಡ್ತಾರೆ?"

ಅಪ್ಪ ನನ್ನ ಕಡೆ ಕೈ ತೋರಿಸಿ ಹೇಳಿದರು. "ಬೆಟ್ಟು ಅವಳದ್ದು. ಮಾತು ನಂದು. ತಪ್ಪಾದ್ರೆ ನನ್ನನ್ನ ಕೇಳಿ."

ಆಮೇಲೆ ಊಟ. ಅಜ್ಜಿ ಸಾಹೇಬರಿಗೆ ಎರಡನೆಯ ಮುದ್ದೆ ಬಲವಂತ ಮಾಡಿದಳು. ಎರಡೂಕಾಲಿಗೆ ರೀಲು ತೆಗೆದೆವು. ಅಂದು ಮೊದಲ ಸಲ ಅಪ್ಪ ನನ್ನ ಎಡಗಡೆ ಕೂತರು. ಮೊದಲು ತಿರುಪುಗಳ ತಲೆ ನೋಡು ಎಂದರು. ಗೀಟು ಕಿತ್ತಿದ್ದರೆ ಯಾರೋ ಗೊತ್ತಿಲ್ಲದವರು ಬಿಚ್ಚಿದ್ದಾರೆ. ಕಿತ್ತಿರಲಿಲ್ಲ. ದಾರ ಸುತ್ತುವ ಗಾಲಿಯನ್ನು ಪಕ್ಕಕ್ಕೆ ಒತ್ತಿದೆ, ಅಲುಗಲಿಲ್ಲ. ಅಂಚು ಚೌಕಟ್ಟಿಗೆ ಎಲ್ಲೂ ಒರಸುತ್ತಿರಲಿಲ್ಲ. ರೀಲನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸಿದೆ. ಟಿಕ್ ಟಿಕ್ ಎನ್ನುವ ಸದ್ದಿನಲ್ಲಿ ಪ್ರತಿ ಸುತ್ತಿಗೆ ಒಂದು ಸಲ ಮಂಕಾದ ಟಿಕ್ ಬರುತ್ತಿತ್ತು. ಮತ್ತೆ ತಿರುಗಿಸಿದೆ. ಮತ್ತೆ. ಕೊಟ್ಟಿಗೆಯ ಸದ್ದು ಅಡ್ಡ ಬರುತ್ತಿದೆ ಎಂದೆ. ಚಿಕ್ಕಪ್ಪ ಎದ್ದು ಹೋಗಿ ಚರಕ ನಿಲ್ಲಿಸಿ ಬಂದರು. ಕೆಲಸದ ಹೊತ್ತಿನಲ್ಲಿ ಚರಕ ನಿಂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಒಳಗೆ ಒಂದು ಹಲ್ಲು ಸವೆದಿದೆ" ಎಂದು ಅಪ್ಪನಿಗೆ ಹೇಳಿದೆ. "ಬೇರೆಲ್ಲ ಚೆನ್ನಾಗಿದೆ. ತಗೋಬಹುದು."

ಅಪ್ಪ ಸಾಹೇಬರ ಕಡೆ ತಿರುಗಿದರು. "ಒಂದು ಹಲ್ಲು ಸವೆದಿದೆ ಸಾರ್. ಬೇರೆಲ್ಲ ಚೆನ್ನಾಗಿದೆ. ತಗೋಬಹುದು."

ಸಾಹೇಬರು ರೀಲನ್ನು ಜೇಬಿಗೆ, ಕೋಲನ್ನು ವ್ಯಾಪಾರಿಗೆ ಹಿಂತಿರುಗಿಸಲು ಚೀಲಕ್ಕೆ ಹಾಕಿಕೊಂಡು ಮೂರು ಗಂಟೆಯ ಬಸ್ಸಿಗೆ ಹೋದರು. ಇಷ್ಟು ವರ್ಷಗಳಾದ ಮೇಲೆ, ಈಚೆಗೆ ಚಿಕ್ಕಪ್ಪನ ಮೊಮ್ಮಗಳು ಒಂದು ಕಾರ್ಬನ್ ಕೋಲು ತಂದು ತೋರಿಸಿದಳು, ಹಿಡಿದರೆ ಹಿಡಿದಂತೆಯೇ ಇಲ್ಲ. ಅದಕ್ಕೆ ಅಂಟಿನ ಗೀಟಿಲ್ಲ, ಗಿಣ್ಣಿಲ್ಲ. ಆದರೂ ಬಳೆಗಳೊಳಗೆ ಒಂದು ಎಳೆ ಹಾಯಿಸಿ, ಬಾಗಿಸಿ, ಕೀಲು ಎಳೆದು ನೋಡಿಯೇ ಕೊಟ್ಟೆ. ಎರಡನೆಯ ಬಳೆ ಸರಿಯಿರಲಿಲ್ಲ. ಹೇಳಿದೆ.

ಅಂದು ಸಾಹೇಬರು ಹೋದ ಮೇಲೆ ಅಪ್ಪ ಅಂಚೆ ಕಾರ್ಡು ತರಿಸಿದರು. ಗೌರಿ ಹಬ್ಬದ ಈಚೆಗೆ ಅವರು ಸರಿಯಿದೆ ಎಂದು ಕಳಿಸಿದ ಕೋಲು ಇನ್ನೂ ಎರಡಿದ್ದವು, ಒಂದು ಚಿಂತಾಮಣಿಯ ಡಾಕ್ಟರದ್ದು, ಒಂದು ಅಲೀಪುರದ ವ್ಯಾಪಾರಿಯದ್ದು. ಚಿಕ್ಕಪ್ಪ ಬೇಡವೆಂದರು.

"ಯಾರು ಕೇಳಿದಾರೆ ಅಣ್ಣ? ಮುರಿದ್ರೆ ಆಮೇಲೆ ನೋಡ್ಕೊಂಡ್ರಾಯ್ತು. ನೀನಾಗೇ ಬರ್ದು ಯಾಕೆ ಹೆಸರು ಕೆಡಿಸ್ಕೋತೀಯ?"

"ಬರ್ಕೊಳಮ್ಮ" ಎಂದರು ಅಪ್ಪ ನನಗೆ.

ಅವರು ಹೇಳಿದರು, ನಾನು ಬರೆದೆ. ನಾನು ನೋಡಿ ಸರಿಯಿದೆ ಎಂದ ನಿಮ್ಮ ಕೋಲನ್ನು ಮತ್ತೆ ನೋಡಬೇಕಾಗಿದೆ. ನನ್ನ ಬೆರಳಿಗೆ ಸ್ಪರ್ಶ ಹೋಗಿದೆ, ಅದು ಆಗ ತಿಳಿದಿರಲಿಲ್ಲ. ದಯವಿಟ್ಟು ಕೋಲನ್ನು ನೀರಿಗೆ ಇಳಿಸದೆ ಇಲ್ಲಿಗೆ ತನ್ನಿ. ಇಷ್ಟು ಬರೆದು ಕೇಳಿದೆ.

"ಯಾರು ನೋಡ್ತಾರೆ ಅಂತ ಹಾಕ್ಲಿ?"

ಅಪ್ಪ ಬೀದಿಯ ಕಡೆ ನೋಡುತ್ತಿದ್ದರು. ಅಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಚಿಕ್ಕಪ್ಪ ಎದ್ದು ಹೋಗಿರಲಿಲ್ಲ.

"ಮನೇಲಿ ನೋಡ್ತೀವಿ ಅಂತ ಹಾಕು" ಎಂದರು.

ಹಾಗೆಯೇ ಹಾಕಿದೆ. ಎರಡು ಕಾರ್ಡಿಗೂ ಅವರು ಸಹಿ ಮಾಡಿದರು. ಪೆನ್ನು ಬೆರಳಲ್ಲಿ ಕೂತಿದೆಯೋ ಇಲ್ಲವೋ ಎಂದು ಕಣ್ಣಿಟ್ಟು ನೋಡಿ, ನಿಧಾನವಾಗಿ. ವಿಳಾಸ ಬರೆದು, ಶಾಯಿ ಆರಿಸಿ, ಐದು ಗಂಟೆಗೆ ಡಬ್ಬಿ ತೆರೆಯುವ ಮುಂಚೆ ಹೋಗಿ ಎರಡನ್ನೂ ಹಾಕಿ ಬಂದೆ.